ಕಡಜದ ಹಿಡಿತ

ನಮ್ಮ ಊರಿನಲ್ಲಿ ‘ಬೇಕು’ ಎಂಬ ಮಾತನ್ನು ಯಾರೂ ಬಾಗಿಲು ತೆರೆದಿಟ್ಟುಕೊಂಡು ಆಡುವುದಿಲ್ಲ. ಕಾಯಿಪಲ್ಲೆಯವಳ ಬುಟ್ಟಿಯ ಮುಂದೆ ಕೂತು, “ಒಂದಿಷ್ಟು ಬದನಿಕಾಯಿ ಇದ್ರ ಆದೀತು ನೋಡವಾ,” ಎನ್ನುತ್ತೇವೆ. ಹಸಿದ ಕೂಸುಗಳಿಗೂ ಹಾಗೆಯೇ ಕಲಿಸುತ್ತೇವೆ. ಒಂದೇ ವಸ್ತುವನ್ನು ಇಬ್ಬರು ಮೂರನೆಯವರ ಎದುರು ಬೇಕು ಎಂದುಬಿಟ್ಟರೆ ಮುಗಿಯಿತು, ಅದು ಪೆಟ್ಟಿಗೆಗೆ ಹೋಗುತ್ತದೆ. ಪೆಟ್ಟಿಗೆ ಇರುವುದು ಊರ ನಡುವಿನ ಕಟ್ಟೆಮನೆಯಲ್ಲಿ. ಎದುರಿಗೆ ಗಾಜಿನ ಪರದೆ, ಅದರ ಮುಂದೆ ಇಬ್ಬರು ಭುಜಕ್ಕೆ ಭುಜ ತಾಗಿಸಿ ಕೂರುವ ಉದ್ದನೆಯ ಮಣೆ, ಒಬ್ಬೊಬ್ಬರಿಗೂ ಒಂದು ಹಿಡಿಕೆ, ನಾಲ್ಕು ಗುಂಡಿ. ಪರದೆಯ ಮೇಲೆ ಇಬ್ಬರ ಗೊಂಬೆಗಳು ಹೊಡೆದಾಡುತ್ತವೆ; ಏಟು ತಿಂದು ಯಾರ ಗೊಂಬೆಯ ಉಸಿರು ತೀರುತ್ತದೋ ಅವರು ಆ ಸುತ್ತು ಸೋತಂತೆ. ಮೂರು ಸುತ್ತಿನಲ್ಲಿ ಎರಡು ಗೆದ್ದವರಿಗೆ ವಸ್ತು. ಅದು ಬಾವಿಯ ಸರದಿಯಾಗಲಿ, ಎಮ್ಮೆಯ ಕರುವಾಗಲಿ, ಮನುಷ್ಯರೇ ಆಗಲಿ, ಆ ವಸ್ತುವನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ.

ಒಂದೊಂದು ಮನೆಗೆ ಒಂದೊಂದು ಗೊಂಬೆ. ಹೆಣ್ಣು ಕೊಟ್ಟ ಮೇಲೆ ಆಕೆ ತವರಿನ ಗೊಂಬೆಯನ್ನು ಬಿಟ್ಟು ಗಂಡನ ಮನೆಯ ಗೊಂಬೆಯನ್ನು ಹಿಡಿಯಬೇಕು. ಅದಕ್ಕೇ ಸಂಬಂಧ ನೋಡುವಾಗ ಜಾತಕಕ್ಕೆ ಮೊದಲು ಗೊಂಬೆ ಕೇಳುತ್ತಾರೆ. ನನ್ನ ತವರಿನದು ಅಗಸಿ. ಎದೆಗೆ ಬಾಗಿಲಿನಷ್ಟು ಹಲಗೆ ಕಟ್ಟಿಕೊಂಡ ದಡೂತಿ ಆಸಾಮಿ, ನಿಂತಲ್ಲಿಂದ ಕದಲುವುದಿಲ್ಲ. “ಕಾಯಿ ಕಲ್ಲವ್ವ, ಎದುರಿನವರ ಕೈ ಸೋಲೂತನಕ ಕಾಯಿ,” ಎಂದು ನಮ್ಮಪ್ಪ ಕಲಿಸಿದ್ದ. ನಾನು ಕಾಯುವುದನ್ನು ಚೆನ್ನಾಗಿ ಕಲಿತೆ, ಬೇರೇನನ್ನೂ ಕಲಿಯಲಿಲ್ಲ. ಅಂಥವಳನ್ನು ತಂದು ಕಡಜದ ಮನೆಗೆ ಕೊಟ್ಟರು. ಕಡಜ ಎಂದರೆ ಕಚ್ಚೆ ಹಾಕಿದ ಮೊಳದುದ್ದದ ಹುಡುಗಿ ಗೊಂಬೆ. ಕೈ ಗಿಡ್ಡ, ಕಾಲು ಗಿಡ್ಡ. ದೂರ ನಿಂತರೆ ಆಕೆಯಿಂದ ಒಂದು ನೊಣವೂ ಸಾಯದು. ಓಡಿ ಹೋಗಿ ಎದುರಿನವರ ಮೈಗೆ ಮೈ ಹತ್ತಿಸಿ ನಿಂತು, ಉಸಿರಾಡಲು ಬಿಡದೆ ಬಡಿಯಬೇಕು. ಮದುವೆಯಾದ ಹೊಸದರಲ್ಲಿ ಹದಿನೈದು ದಿನ ಹೆಬ್ಬೆರಳು ಬಾಯುವಷ್ಟು ಆಡಿ ನೋಡಿದೆ, ಬರಲಿಲ್ಲ. ಬರದಿದ್ದರೂ ನಡೆಯಿತು, ಏಕೆಂದರೆ ನಾನು ಇಪ್ಪತ್ತೆರಡು ವರ್ಷ ಯಾರ ಮುಂದೆಯೂ ಏನನ್ನೂ ಬೇಕು ಎನ್ನಲಿಲ್ಲ. ಗಂಡ ಹೋಗಿ ಏಳು ವರ್ಷವಾಯಿತು, ಮಕ್ಕಳಿಲ್ಲ. ನಾನು ಮತ್ತು ನಮ್ಮ ಅತ್ತೆ ದುಂಡವ್ವ, ಇಬ್ಬರೇ. ಹಳೆಯ ಸೀರೆಗಳನ್ನು ಆಕೆ ಹರಿದು ಕೊಡುತ್ತಾಳೆ, ನಾನು ಕೌದಿ ಹೊಲಿಯುತ್ತೇನೆ.

ಆ ದಿನ ಕಟ್ಟೆಮನೆಯ ಹಿರಿಯ ಅಡಿವೆಪ್ಪ ತನ್ನ ಮೊಮ್ಮಗುವಿನ ಕೌದಿ ಒಯ್ಯಲು ಬಂದು, ನಡುಮನೆಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತಿದ್ದ. ನನ್ನ ನಾದಿನಿ ಸಾವಂತ್ರಿ ಬಂದಳು. ದುಂಡವ್ವನ ಮಗಳು, ಮೂರು ಓಣಿ ಆಚೆಯ ಮನೆಗೆ ಕೊಟ್ಟವಳು, ನನಗಿಂತ ಎರಡು ವರ್ಷ ಚಿಕ್ಕವಳು. ಬಂದವಳೇ ನಿಂತಲ್ಲೇ ಹೇಳಿದಳು: “ವೈನಿ, ಇನ್ನ ಮ್ಯಾಲ ಅವ್ವ ನನ್ನ ಮನ್ಯಾಗ ಇರ್ಲಿ. ನನಗ ನಮ್ಮವ್ವ ಬೇಕು.”

ಮೂಲೆಯಲ್ಲಿದ್ದ ಅಡಿವೆಪ್ಪನನ್ನು ಆಕೆ ನೋಡಿರಲಿಲ್ಲ ಎಂದು ಈಗಲೂ ನಂಬುತ್ತೇನೆ. ಆದರೆ ನಾನು ನೋಡಿದ್ದೆ. ಅವನ ಲೋಟ ನನ್ನ ಕಣ್ಣೆದುರಿಗೇ ಇತ್ತು. ನಾನು ಸುಮ್ಮನಿದ್ದಿದ್ದರೆ ಇಬ್ಬರೂ ಬಾಗಿಲು ಹಾಕಿಕೊಂಡು ಅತ್ತುಕರೆದು ಏನಾದರೂ ಒಂದು ದಾರಿ ಮಾಡಿಕೊಳ್ಳಬಹುದಿತ್ತು. ನನ್ನ ಬಾಯಿಗೆ ಏನು ಬಡಿದಿತ್ತೋ, “ನನಗೂ ಬೇಕು,” ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಡಿವೆಪ್ಪ ಲೋಟವನ್ನು ಕೆಳಗಿಟ್ಟ. ಪಾಪ, ಅವನ ಮುಖವೂ ಬಾಡಿಹೋಗಿತ್ತು. “ಕೇಳಿದೆ ನಾ,” ಎಂದ. ಹಾಗೆ ಹೇಳುವುದು ಅವನ ಧರ್ಮ. ಇವತ್ತಿಗೆ ಹದಿನೇಳನೆಯ ದಿನ ಬೆಳಿಗ್ಗೆ ಆಟ ಎಂದು ಹೇಳಿ, ಕೌದಿಯನ್ನು ಅಲ್ಲೇ ಮರೆತು ಹೋದ.

ಸೋತವರ ಪಾಡು ಎಲ್ಲರಿಗೂ ಗೊತ್ತು. ಗೆದ್ದವರ ಹೊಸ್ತಿಲನ್ನು ಒಂದು ವರ್ಷ ತುಳಿಯುವಂತಿಲ್ಲ, ಗೆದ್ದ ವಸ್ತುವಿನ ಹತ್ತಿರ ಸುಳಿಯುವಂತಿಲ್ಲ, ದಾರಿಯಲ್ಲಿ ಕಂಡರೆ ಮುಖ ತಿರುಗಿಸಬೇಕು. ಎಮ್ಮೆ ಕರುವಾದರೆ ಹೇಗೋ ತಡೆದುಕೊಳ್ಳಬಹುದು. ಅತ್ತೆಗೆ ಎಪ್ಪತ್ತೊಂಬತ್ತು. ಆ ಚಳಿಗಾಲ ಆಕೆಯ ಎದೆಯಲ್ಲಿ ಉಸಿರು ಪೀಪಿಯ ಹಾಗೆ ಸಣ್ಣಗೆ ಸಿಳ್ಳು ಹಾಕುತ್ತಿತ್ತು. ಒಂದು ವರ್ಷ ಎಂದರೆ ಎಷ್ಟು ಎಂದು ನನಗೂ ಗೊತ್ತಿತ್ತು, ಸಾವಂತ್ರಿಗೂ ಗೊತ್ತಿತ್ತು. ಅತ್ತೆಯನ್ನು ಕಳೆದುಕೊಂಡರೆ ನನಗೆ ಮನೆ ಎಂಬುದೇ ಇರುವುದಿಲ್ಲ, ನಾಲ್ಕು ಗೋಡೆ ಮಾತ್ರ ಇರುತ್ತವೆ. ಬೈಯಲಾದರೂ ನನ್ನ ಹೆಸರು ಹಿಡಿದು ಕೂಗುವ ಜೀವ ಅದೊಂದೇ ಉಳಿದಿತ್ತು.

ಸಾವಂತ್ರಿಯ ಗಂಡನ ಮನೆಯ ಗೊಂಬೆ ಗಳದಜ್ಜ. ಎರಡಾಳುದ್ದದ ಬಿದಿರಿನ ಗಳ ಹಿಡಿದ ಮುದುಕ, ದೂರದಿಂದಲೇ ತಿವಿದು ತಿವಿದು ಸಾಯಿಸುತ್ತಾನೆ. ಅದಕ್ಕಿಂತ ಹೆದರಿಕೆಯ ಸಂಗತಿ ಬೇರೆಯಿತ್ತು. ಒಂದು ಕಾಲಕ್ಕೆ ದುಂಡವ್ವನ ಕಡಜದ ಎದುರು ಕೂರಲು ಊರಿನಲ್ಲಿ ಗಂಡಸರೂ ಅಂಜುತ್ತಿದ್ದರು. ಊರ ಬಾವಿಯ ಸರದಿ, ನಮ್ಮ ಮನೆ ಮುಂದಿನ ಕಟ್ಟೆ, ಬೇವಿನ ಮರದ ನೆರಳು ಎಲ್ಲ ಆ ಬೆರಳುಗಳು ಗೆದ್ದು ತಂದದ್ದು. ಆ ಕಾಲದಲ್ಲಿ ಆಕೆ ಕೈ ಪಳಗಿಸಲು ದಿನಾ ಪಕ್ಕದಲ್ಲಿ ಕೂರಿಸಿಕೊಂಡು ಬಡಿಯುತ್ತಿದ್ದುದು ಸಾವಂತ್ರಿಯನ್ನು. ಕಡಜದ ಒಂದೊಂದು ಆಟವೂ ಆಕೆಗೆ ತಾಯಿಯ ಹಾಲಿನ ಜೊತೆ ಇಳಿದಿತ್ತು. ಅಂಥವಳನ್ನು ನಾನು ಅದೇ ಕಡಜ ಹಿಡಿದು ಹೇಗೆ ಮೋಸಗೊಳಿಸಲಿ?

“ಅತ್ತೀ, ನೀವ ಕಲಿಸ್ರಿ,” ಎಂದೆ.

ಆಕೆ ನಕ್ಕಳು. “ನನ್ನ ಗೆಲ್ಲಾಕ ನನ್ನ ಕಡೇನ ಕಲೀತಿ? ಕುಂದ್ರು ಬಾ.”

ಕಟ್ಟೆಮನೆಯಲ್ಲಿ ಒಂದು ಮನೆಗೆ ಮೂರು ದಿನಕ್ಕೊಮ್ಮೆ ಅರ್ಧ ತಾಸು ಮಾತ್ರ ಪೆಟ್ಟಿಗೆ ಕೊಡುತ್ತಾರೆ. ಮಿಕ್ಕ ದಿನ ನಮ್ಮ ಕಲಿಕೆ ಮನೆಯಲ್ಲೇ ನಡೆಯಿತು. ಮಧ್ಯಾಹ್ನ ಉಂಡಾದ ಮೇಲೆ ಅರೆಹೊಲಿದ ಕೌದಿಯ ಮೇಲೆ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದೆವು. ಆಕೆ ಕೈಯಿಂದ ಹೊಡೆಯುವುದು, ನಾನು ತಡೆಯುವುದು. ಭುಜಕ್ಕೆ ಬಂದರೆ ಮೇಲಿನ ಏಟು, ಕೈ ಮೇಲೆತ್ತಿ ತಡೆಯಬೇಕು. ಮೊಣಕಾಲಿಗೆ ಬಂದರೆ ಕೆಳಗಿನ ಏಟು, ಕೈ ತಗ್ಗಿಸಬೇಕು. ಮೇಲೆ ತಡೆದರೆ ಕೆಳಗೆ ಬಯಲು, ಕೆಳಗೆ ತಡೆದರೆ ಮೇಲೆ ಬಯಲು. ಪೆಟ್ಟಿಗೆಯಲ್ಲೂ ಲೆಕ್ಕ ಅದೇ. ಚಹಾ ಕುಡಿದರೆ ಅರ್ಧ ಕಪ್ಪಿನ ಕೆಳಗಿನ ಬಸಿಗೇ ಚೆಲ್ಲುವಷ್ಟು ನಡುಗುವ ಆ ಕೈ, ಹೊಡೆಯುವಾಗ ಮಾತ್ರ ನಡುಗುತ್ತಿರಲಿಲ್ಲ. ಮೊದಲ ದಿನ ನನ್ನ ಎರಡೂ ಮೊಣಕಾಲು ಕೆಂಪಗಾದವು.

“ಮೂರು ಸಲ ಕಾಲಿಗೆ ಹೊಡದೆ. ಯಾಕ?”

“ನಾ ತಡೀಲಿಲ್ಲಂತ.”

“ಅಲ್ಲ. ನೀ ಕಾಲಿಗೇ ಅಂಜಲಿ ಅಂತ. ಈಗ ನಿನ್ನ ಕಣ್ಣು ಕಾಲಾಗ ಐತಿ. ನಾಕನೇದು...” ಎನ್ನುವಷ್ಟರಲ್ಲಿ ಭುಜಕ್ಕೆ ಫಟೀರೆಂದು ಬಿತ್ತು. “ಹಾಂ. ಏಟು ಕೈಯಾಗ ಇರಂಗಿಲ್ಲ ಕಲ್ಲವ್ವ. ಎದುರಿನವರ ಅಂಜಿಕ್ಯಾಗ ಇರ್ತೈತಿ. ಮೊದಲ ಅಂಜಿಸು, ಆಮ್ಯಾಲ ಅಂಜಿದ್ದನ್ನ ಬಿಟ್ಟು ಬ್ಯಾರೇದು ಮಾಡು.”

ಹೇಳಿದಷ್ಟು ಸುಲಭವಾಗಿದ್ದರೆ ಊರೆಲ್ಲ ದುಂಡವ್ವರೇ ಇರುತ್ತಿದ್ದರು. ಕಟ್ಟೆಮನೆಯಲ್ಲಿ ಕೂತರೆ ನನ್ನ ಮನಸ್ಸು ಮುಂದೆ ಓಡು ಎನ್ನುತ್ತಿತ್ತು, ಕೈ ಹಿಡಿಕೆಯನ್ನು ಹಿಂದಕ್ಕೆ ಎಳೆಯುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ. ಕಷ್ಟಪಟ್ಟು ಒಳನುಗ್ಗಿ ಒಂದು ಏಟು ಹಾಕಿದೆನೋ, ಮರುಗಳಿಗೆ ಕಡಜ ಅರ್ಧ ಹೆಜ್ಜೆ ಹಿಂದೆ ಸರಿದಿರುತ್ತಿತ್ತು. ಸರಿಸಿದವಳು ನಾನೇ. ನನಗೇ ಗೊತ್ತಾಗುತ್ತಿರಲಿಲ್ಲ.

“ಹೊಡದು ಹಿಂದ ಸರೀತಿ,” ಎಂದಳು ಅತ್ತೆ. “ತಪ್ಪಾತು ಯವ್ವಾ ಅಂತ ಕೈ ಮುಗದಂಗ ಕಾಣ್ತೈತಿ. ಏನ್ ತಪ್ಪು ಮಾಡೀದಿ ನೀ?”

ಒಂದು ಒಳ್ಳೆಯ ಸೀರೆ ಉಟ್ಟರೂ ಅದನ್ನು ಯಾರೋ ಕೇಳುತ್ತಾರೆ ಎಂದು ಸೆರಗನ್ನು ಒಳಗೆ ಸಿಕ್ಕಿಸಿಕೊಳ್ಳುವ ಹೆಂಗಸು ನಾನು. ಏನಾದರೂ ಸಿಕ್ಕ ಕೂಡಲೇ ಸರಿದು ನಿಲ್ಲುವುದು ರೂಢಿಯಾಗಿಬಿಟ್ಟಿತ್ತು. ಎಷ್ಟು ಬೈದರೂ ಆ ಅರ್ಧ ಹೆಜ್ಜೆ ಹೋಗಲಿಲ್ಲ.

ಎಂಟನೆಯ ದಿನ ನಾನು ಹಿಡಿತದ ಬಗ್ಗೆ ಕೇಳಿದೆ. ಮೇಲೆ ತಡೆದರೂ ಕೆಳಗೆ ತಡೆದರೂ ನಿಲ್ಲದ್ದು ಅದೊಂದೇ. ಹತ್ತಿರ ನಿಂತು ಎದುರಿನ ಗೊಂಬೆಯನ್ನು ಅಪ್ಪಿ ಹಿಡಿದು ಎತ್ತಿ ಒಗೆಯುವುದು. ಹಿಡಿದ ಗಳಿಗೆಗೇ ಎದುರಿನವರು ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಬಿಡಿಸಿಕೊಳ್ಳಬಹುದು, ಅದು ಆರು ವರ್ಷದ ಮಕ್ಕಳಿಗೂ ಬರುತ್ತದೆ. ಏಟಿನ ಜೊತೆ ಹಿಡಿತವೂ ಸೇರಿದರೆ ಎದುರಿನವರಿಗೆ ತಲೆ ಕೆಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ.

“ಹಿಡಿತ ನಿನಗ ಬ್ಯಾಡ,” ಎಂದಳು ಅತ್ತೆ. “ಕಡಜನ ಕೈ ಗಿಡ್ಡ. ತಪ್ಪಿದ್ರ ಅರ್ಧ ಉಸಿರು ಹೋಗ್ತೈತಿ. ಮ್ಯಾಲ, ಕೆಳಗ. ಅಷ್ಟ ಕಲಿ, ಸಾಕು.” ಹೇಳಿ ಸೀರೆ ಹರಿಯಲು ಕೂತಳು. ಆಕೆ ನನ್ನ ಮುಖ ನೋಡಲಿಲ್ಲ. ಅಂದು ನನ್ನ ತಲೆಯೊಳಗೆ ಒಂದು ಹುಳು ಹೊಕ್ಕಿತು. ಈಕೆ ನನಗೆ ಗೆಲ್ಲುವುದನ್ನು ಕಲಿಸುತ್ತಿದ್ದಾಳೋ, ಸೋಲುವುದನ್ನೋ?

ನೀರಿಗೆ ಹೋದಲ್ಲಿ ಹೆಂಗಸರು ಬೇರೆ ಗಾಯಕ್ಕೆ ಉಪ್ಪು ಸವರುತ್ತಿದ್ದರು. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರ. ನಿನ್ನ ಕಾಲ ಬಂತಲ್ಲವಾ,” ಎನ್ನುವವರು ಕೆಲವರು. “ಏನ ಅಂದ್ರೂ ಹೆತ್ತ ಕರುಳು ಆ ಕಡೇನ ಎಳೀತೈತಿ ಬಿಡು,” ಎನ್ನುವವರು ಉಳಿದವರು. ನಾನು ಕೊಡ ತುಂಬುವ ಮೊದಲೇ ಎತ್ತಿಕೊಂಡು ಬರುತ್ತಿದ್ದೆ. ಕೌದಿಯ ಹೊಲಿಗೆ ಸೊಟ್ಟಗಾಗುತ್ತಿತ್ತು, ಬಿಚ್ಚಿ ಮತ್ತೆ ಹೊಲಿದರೆ ಮತ್ತೆ ಸೊಟ್ಟ.

ಹನ್ನೊಂದನೆಯ ದಿನ ತಡೆಯಲಾರದೆ ಕೇಳಿಯೇಬಿಟ್ಟೆ. ಬಾಗಿಲು ಹಾಕಿತ್ತು. “ಅತ್ತೀ, ಖರೇ ಹೇಳ್ರಿ. ನಿಮಗ ಎಲ್ಲಿರಾಕ ಮನಸೈತ್ರಿ?”

“ಎಮ್ಮೀನ ಕೇಳಿ ಹಗ್ಗ ಕಟ್ತಾರೇನು?” ಎಂದಳು. ನಾನು ಆಕೆಯ ಕಣ್ಣಲ್ಲಿ ಏನಾದರೂ ಸಿಗುತ್ತದೇನೋ ಎಂದು ನೋಡುತ್ತಿರುವಾಗಲೇ ಮೊಣಕಾಲಿಗೆ ಚಟ್ಟೆಂದು ಬಿತ್ತು. “ನೋಡು, ನೀ ಮ್ಯಾಲ ನೋಡಾಕತ್ತಿದ್ದಿ. ಕೆಳಗ ಬಂತು.” ನಗುತ್ತಿದ್ದವಳು ನನ್ನ ಕಣ್ಣೀರು ನೋಡಿ ಸೆರಗಿನಿಂದ ಒರೆಸಿದಳು.

ಆಟಕ್ಕೆ ಎರಡು ದಿನ ಇದ್ದಾಗ ಸಾವಂತ್ರಿ ಶೇಂಗಾ ಉಂಡಿ ಕಟ್ಟಿಕೊಂಡು ಬಂದಳು. ಅತ್ತೆ ಹಿತ್ತಲಲ್ಲಿ ಬಿಸಿಲಿಗೆ ಕೂತಿದ್ದಳು. ನಾವಿಬ್ಬರೂ ಒಲೆಯ ಮುಂದೆ ಕೂತೆವು. ನಮ್ಮಲ್ಲಿ ಜಗಳ ಎಂದೂ ಇರಲಿಲ್ಲ. ನನ್ನ ಗಂಡ ಹೋದಾಗ ನನ್ನನ್ನು ಮಡಿಲಲ್ಲಿ ಹಾಕಿಕೊಂಡು ಕೂತವಳು ಇವಳೇ.

“ವೈನಿ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ,” ಎಂದಳು. “ಆದ್ರ ಒಂದು ಮಾತು ಹೇಳ್ರಿ. ಇಪ್ಪತ್ತೆರಡು ವರ್ಷ ಅವ್ವ ನಿಮಗ ಸಿಕ್ಕಾಳ. ನನಗ ಯಾವಾಗ ಸಿಕ್ಕಾಳ? ನಾ ಸಣ್ಣಾಕಿದ್ದಾಗ ಆಕಿ ಮನ್ಯಾಗ ಎಲ್ಲಿದ್ಲು? ಮುಂಜಾನೆದ್ದು ಪೆಟ್ಟಿಗಿ, ಸಂಜಿಗೆ ಪೆಟ್ಟಿಗಿ. ಆಕಿ ಹಂತ್ಯಾಕ ಕುಂದ್ರಬೇಕಂದ್ರ ಬಡಿಸ್ಕೊಳ್ಳಾಕ ಕುಂದ್ರಬೇಕಿತ್ತು. ನನ್ನ ಎತ್ತಿಕೊಂಡಿದ್ದು ನೆನಪಿಲ್ಲ ನನಗ.”

ನ್ಯಾಯ ಆಕೆಯ ಕಡೆಗೇ ಇದ್ದಂತಿತ್ತು. “ಉಂಡಿ ತಿನ್ನು,” ಎಂದು ಆಕೆ ತಂದ ಉಂಡೆಯನ್ನೇ ಆಕೆಗೆ ಕೊಟ್ಟೆ. ಇಬ್ಬರೂ ಅರ್ಧರ್ಧ ತಿಂದೆವು.

ಹದಿನೇಳನೆಯ ದಿನ ಬೆಳಿಗ್ಗೆ ಕಟ್ಟೆಮನೆ ತುಂಬಿತ್ತು. ಗೆದ್ದವರಿಗೆ ಸಿಗುವ ವಸ್ತುವನ್ನು ಎಲ್ಲರಿಗೂ ಕಾಣುವಂತೆ ಪೆಟ್ಟಿಗೆಯ ಪಕ್ಕ ಇಡುವುದು ಪದ್ಧತಿ. ಅತ್ತೆಯನ್ನು ಒಂದು ಕುರ್ಚಿಯ ಮೇಲೆ ಅಲ್ಲಿ ಕೂರಿಸಿದ್ದರು. ಹಸಿರು ಸೀರೆಯುಟ್ಟು, ಕೋಲಿನ ಮೇಲೆ ಎರಡೂ ಕೈಯಿಟ್ಟು, ಪರದೆಯನ್ನೇ ನೋಡುತ್ತಿದ್ದಳು. ಸಾವಂತ್ರಿ ಬಂದು ನನ್ನ ಎಡಕ್ಕೆ ಕೂತಳು. ಆಕೆಯ ತೋಳು ನನ್ನ ತೋಳಿಗೆ ತಾಗುತ್ತಿತ್ತು, ಬೆಚ್ಚಗಿತ್ತು. ಅಂಗೈ ಬೆವರನ್ನು ಸೆರಗಿಗೆ ಎಷ್ಟು ಒರೆಸಿದರೂ ಹಿಡಿಕೆ ಜಾರುತ್ತಿತ್ತು.

ಮೊದಲ ಸುತ್ತಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಒಳನುಗ್ಗುವಷ್ಟರಲ್ಲೇ ಗಳದ ತಿವಿತಕ್ಕೆ ಕಡಜದ ಅರ್ಧ ಉಸಿರು ಹೋಗಿತ್ತು. ಒಳಗೆ ಹೋದ ಮೇಲೆ ಕಾಲಿಗೆ ಒಂದು, ಕಾಲಿಗೆ ಎರಡು, ಮೂರು. ಮೂರನ್ನೂ ಸಾವಂತ್ರಿ ತಗ್ಗಿ ತಡೆದಳು. ಇನ್ನು ಮೇಲಿನದು ಎಂದು ನಾನು ಜಿಗಿಯುವ ಮೊದಲೇ ಗಳದಜ್ಜ ಎದ್ದು ನಿಂತು ಕಾಯುತ್ತಿದ್ದ. ಅತ್ತೆಯ ಪಾಠದ ಒಂದೊಂದು ಸಾಲೂ ಆಕೆಗೆ ಬಾಯಿಪಾಠ. ಪರದೆ ಕಪ್ಪಾಯಿತು.

ಎರಡನೆಯ ಸುತ್ತಿನಲ್ಲಿ ನನ್ನನ್ನು ಕಾಪಾಡಿದ್ದು ವಿದ್ಯೆಯಲ್ಲ, ನನ್ನ ಹಾಳು ರೂಢಿ. ಒಂದು ಏಟು ತಾಗಿತು, ನನ್ನ ಕೈ ಎಂದಿನಂತೆ ಅರ್ಧ ಹೆಜ್ಜೆ ಹಿಂದೆ ಸರಿಸಿತು, ಸಾವಂತ್ರಿ ಅಲ್ಲಿಗೆ ಗಳ ಬೀಸಿದಳು. ಎರಡನೆಯ ಸಲವೂ ಹಾಗೆಯೇ. ಈಕೆ ನನ್ನ ಅಂಜಿಕೆಯನ್ನು ಕಲಿತುಬಿಟ್ಟಿದ್ದಾಳೆ ಎಂದು ಹೊಳೆದದ್ದೇ, ಮೂರನೆಯ ಸಲ ಹೊಡೆದು ಅಲ್ಲೇ ನಿಂತೆ. ಸರಿಯಲಿಲ್ಲ. ಗಳ ನನ್ನ ಬೆನ್ನ ಹಿಂದಿನ ಗಾಳಿಗೆ ಬಿತ್ತು, ಅಜ್ಜನ ಮೈ ಪೂರ್ತಿ ಬಯಲಾಯಿತು. ಒಂದರ ಮೇಲೊಂದು ನಾಲ್ಕು ಏಟು ಹಾಕಿದೆ. ಆಮೇಲೆ ಒಮ್ಮೆ ಸರಿದೆ, ಒಮ್ಮೆ ನಿಂತೆ, ಮತ್ತೊಮ್ಮೆ ಅವನ ತಲೆಯ ಮೇಲಿಂದ ಹಾರಿ ಹಿಂದಿನಿಂದ ಬಡಿದೆ. ಜೀವನದಲ್ಲಿ ಮೊದಲ ಬಾರಿಗೆ ನನ್ನ ಪಕ್ಕ ಕೂತವರಿಗೆ ನಾನು ಮುಂದೇನು ಮಾಡುತ್ತೇನೆಂದು ಗೊತ್ತಿರಲಿಲ್ಲ. ಆ ಭಯದಲ್ಲೂ ನನಗೆ ಖುಷಿಯಾಯಿತು ಎಂದರೆ ಸುಳ್ಳಲ್ಲ.

ಸುತ್ತಿನ ಕೊನೆಗೆ ಕಾಲಿಗೆ ಹೊಡೆಯಲು ಹೋಗಿ ಬೆವರಿದ ಬೆರಳು ಜಾರಿ ಹಿಡಿತದ ಗುಂಡಿಗೆ ಬಿತ್ತು. ಕಡಜ ತನ್ನ ಗಿಡ್ಡ ಕೈ ಚಾಚಿ ಅಜ್ಜನನ್ನು ಅಪ್ಪಿ ಹಿಡಿಯಿತು. ಈಗ ಬಿಡಿಸಿಕೊಳ್ಳುತ್ತಾಳೆ, ನನ್ನ ಕತೆ ಮುಗಿಯಿತು ಎಂದು ಕಣ್ಣು ಮುಚ್ಚುವುದರಲ್ಲಿದ್ದೆ. ಬಿಡಿಸಿಕೊಳ್ಳಲಿಲ್ಲ. ಕಡಜ ಅಜ್ಜನನ್ನು ಎತ್ತಿ ಒಗೆಯಿತು, ಸುತ್ತು ನನ್ನದಾಯಿತು. ಕಣ್ಣಂಚಿನಲ್ಲಿ ಒಂದು ಸಂಗತಿ ಕಂಡಿತ್ತು: ಹಿಡಿದ ಗಳಿಗೆಯಲ್ಲಿ ಸಾವಂತ್ರಿಯ ಎರಡೂ ಬೆರಳು ಗುಂಡಿಯಿಂದ ಮೇಲೆದ್ದಿದ್ದವು.

ಸುತ್ತು ಸುತ್ತಿನ ನಡುವೆ ಪರದೆ ಹತ್ತು ಎಣಿಸುವಷ್ಟು ಹೊತ್ತು ಕಪ್ಪಾಗಿರುತ್ತದೆ. ಆಗ ಗಾಜಿನಲ್ಲಿ ಆಡುವವರ ಮುಖ ಮೂಡುತ್ತದೆ. ಯಾರೂ ನೋಡುವುದಿಲ್ಲ, ಆ ಹೊತ್ತಿನಲ್ಲಿ ಎಲ್ಲರೂ ಕೈ ಒರೆಸಿಕೊಳ್ಳುತ್ತಾರೆ. ನಾನು ನೋಡಿದೆ. ಸುತ್ತು ಸೋತ ಮುಖವಲ್ಲ ಅದು. ನಲವತ್ತೈದು ವರ್ಷದ ಹೆಂಗಸು, ಸಂತೆಯಲ್ಲಿ ಕಳೆದುಹೋಗಿ ಈಗಷ್ಟೇ ಯಾರದೋ ಕಂಕುಳಿಗೆ ಏರಿದ ಕೂಸಿನಂತೆ ಬಾಯಿ ಸ್ವಲ್ಪ ತೆರೆದು, ಕಣ್ಣು ಅರೆಮುಚ್ಚಿ ಕೂತಿದ್ದಳು. ಆಕೆ ಒಲೆಯ ಮುಂದೆ ಆಡಿದ ಮಾತು ಆಗ ಪೂರ್ತಿ ಅರ್ಥವಾಯಿತು. ಅತ್ತೆ ಆಕೆಯನ್ನು ಅಪ್ಪಿ ಹಿಡಿದದ್ದು ಈ ಗಾಜಿನೊಳಗೆ ಮಾತ್ರ, ಈ ಕಡಜದ ಕೈಯಿಂದ ಮಾತ್ರ. ಅದನ್ನು ಆಕೆ ಎಂದೂ ಬಿಡಿಸಿಕೊಂಡಿರಲಿಲ್ಲ. ಇನ್ನೊಂದೂ ಅರ್ಥವಾಯಿತು. ಸಾವಿರ ಸಲ ಆಡಿದ ಅತ್ತೆಗೆ ಇದು ಗೊತ್ತಿಲ್ಲದಿರಲು ಸಾಧ್ಯವಿಲ್ಲ. ಗೊತ್ತಿದ್ದೇ ನನಗೆ ಹಿಡಿತ ಬೇಡ ಎಂದಿದ್ದಳು.

ಮೂರನೆಯ ಸುತ್ತಿಗೆ ಪರದೆ ಬೆಳಗಿತು. ಯೋಚಿಸಲು ಹೊತ್ತಿರಲಿಲ್ಲ ಎಂದು ಹೇಳಿ ನಾನು ಒಳ್ಳೆಯವಳಾಗಬಹುದು. ಹೊತ್ತಿತ್ತು. ಗಳ ಮೂರು ಸಲ ತಿವಿಯುವಷ್ಟು ಹೊತ್ತಿತ್ತು, ಅಷ್ಟರಲ್ಲಿ ನಾನು ಎಲ್ಲವನ್ನೂ ಯೋಚಿಸಿದೆ. ಆಕೆಯ ಮುಖವನ್ನು, ಅತ್ತೆಯ ಸಿಳ್ಳು ಹಾಕುವ ಉಸಿರನ್ನು, ಬಾಗಿಲು ತೆರೆದರೆ ಯಾರೂ ಬೈಯದ ನನ್ನ ನಡುಮನೆಯನ್ನು. ಓಡಿದೆ. ಕಾಲಿಗೆ ಒಂದು ಏಟಿನ ಆಸೆ ತೋರಿಸಿದೆ, ಆಕೆ ತಗ್ಗಿದಳು, ಹಿಡಿದೆ. ಬೆರಳು ಮೇಲೆದ್ದವು. ಎದ್ದು ನಿಂತ ಅಜ್ಜನ ಮೇಲೆ ಜಿಗಿಯುವಂತೆ ಮಾಡಿ ಜಿಗಿಯದೆ ಮತ್ತೆ ಹಿಡಿದೆ. ಬೆರಳು ಮೇಲೆದ್ದವು. “ಬಿಡಿಸ್ಕೋ ಸಾವಂತ್ರಿ! ಬಿಡಿಸ್ಕೋ!” ಎಂದು ಹಿಂದೆ ಆಕೆಯ ಗಂಡ ಕೂಗಿದ. ನಾನೂ ಮನಸ್ಸಿನಲ್ಲಿ ಅದನ್ನೇ ಕೂಗುತ್ತಿದ್ದೆ, ಕೂಗುತ್ತಲೇ ಮೂರನೆಯ ಸಲ ಹಿಡಿದೆ.

ಅಡಿವೆಪ್ಪ ಎದ್ದು ಕೈ ಎತ್ತಿದ. “ವಸ್ತು ಕಲ್ಲವ್ವನದು. ನಾಳಿನ ಸೂರ್ಯನಿಂದ ಒಂದು ವರ್ಷ,” ಎಂದ. ಸಾವಂತ್ರಿ ಮಣೆಯಿಂದ ಎದ್ದು ಸೆರಗು ಸರಿಮಾಡಿಕೊಂಡಳು. ಕುರ್ಚಿಯ ಮುಂದೆ ಹಾದು ಹೋಗುವಾಗ ನಿಯಮ ನಾಳೆಯಿಂದಲೇ ಆದರೂ ಆಗಲೇ ಮುಖ ತಿರುಗಿಸಿಕೊಂಡು ಹೋದಳು.

ಗೆದ್ದವರು ವಸ್ತುವಿನ ಕೈ ಹಿಡಿದು ಮನೆಗೆ ಕರೆದೊಯ್ಯಬೇಕು. ಹಿಡಿದು ಹೊರಟೆ. ಬಿಸಿಲು ಏರಿತ್ತು, ಓಣಿಯಲ್ಲಿ ಯಾರೂ ಇರಲಿಲ್ಲ. ಗೆದ್ದೆ ಎಂಬ ಸಮಾಧಾನ ಎಲ್ಲಿ ಎಂದು ಹುಡುಕಿದರೂ ಸಿಗಲಿಲ್ಲ. ಊರ ಬಾವಿಯ ಹತ್ತಿರ ಬಂದೆವು.

“ಆಕಿಗೆ ಹಿಡಿತ ತಾಕ್ತೈತಿ ಅಂತ ನಿಮಗ ಗೊತ್ತಿತ್ತು,” ಎಂದೆ.

“ಗೊತ್ತಿತ್ತು.”

“ನನಗ ಹೇಳಲಿಲ್ಲ.”

“ಹೇಳಲಿಲ್ಲ.” ಸ್ವಲ್ಪ ದೂರ ನಡೆದ ಮೇಲೆ ಆಕೆಯೇ ಮುಂದುವರಿಸಿದಳು: “ಬಿಡಿಸ್ಕೊಳ್ಳೂದೊಂದು ಆಕಿಗೆ ಬರ್ತಿದ್ದಿಲ್ಲ. ಎಷ್ಟ ಬೈದ್ರೂ ಬರ್ಲಿಲ್ಲ. ದಡ್ಡಿ ಅಂತಿದ್ದೆ. ಮಗಳ ದಡ್ಡತನ ಸೊಸಿಗೆ ಹೆಂಗ ಹೇಳ್ಲಿ?”

ಸುಮ್ಮನಿರಬಹುದಿತ್ತು. ಅಂದು ನನ್ನ ಬಾಯಿ ಸುಮ್ಮನಿರಲಿಲ್ಲ. “ಬರಂಗಿಲ್ಲ ಅಂತಲ್ಲ ಅತ್ತೀ. ಹಿಡದ ಕೂಡ್ಲೆ ಬೆರಳ ಎತ್ತಿ ಬಿಡ್ತಾಳ. ಬಿಡಿಸ್ಕೊಳ್ಳಾಕ ಮನಸಿಲ್ಲ ಆಕಿಗೆ. ನಾ ಗಾಜಿನ್ಯಾಗ ಮಾರಿ ನೋಡೀನಿ.”

ಆಕೆ ನಿಂತಳು. ಕೋಲನ್ನು ನೆಲಕ್ಕೆ ಊರಿಕೊಂಡಳು. ಎದೆಯ ಸಿಳ್ಳು ಕೇಳುತ್ತಿತ್ತು. “ನಾ ಪರದಿ ನೋಡ್ತಿದ್ದೆ,” ಎಂದಳು. “ಇಷ್ಟು ವರ್ಷ ನಾ ಪರದಿನ ನೋಡಿದೆ.”

ಬೇವಿನ ಮರದ ಹತ್ತಿರ ಓಣಿ ಒಡೆಯುತ್ತದೆ. ಬಲಕ್ಕೆ ಹೋದರೆ ಸಾವಂತ್ರಿಯ ಮನೆ, ಎಡಕ್ಕೆ ನಮ್ಮದು. ಅಲ್ಲಿ ಆಕೆಯ ಹೆಜ್ಜೆ ನಿಧಾನವಾಯಿತು. ಈ ಹೊತ್ತಿನಲ್ಲಿ ನಾನು ಆಕೆಯನ್ನು ಬಲಕ್ಕೆ ಕರೆದುಕೊಂಡು ಹೋದೆ ಎಂದು ಹೇಳಲು ನನಗೂ ಆಸೆಯಿದೆ. ಹೋಗಲಿಲ್ಲ. ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಎಡಕ್ಕೆ ತಿರುಗಿದೆ. ಆಕೆಯೂ ತಿರುಗಿದಳು.

ನಾಲ್ಕು ಹೆಜ್ಜೆ ಬಂದ ಮೇಲೆ ಕೇಳಿದಳು: “ವರ್ಷ ಅಂದ್ರ ಎಷ್ಟ ದಿನಾ ಆತು, ಕಲ್ಲವ್ವ?”

“ಮುನ್ನೂರಾ ಅರವತ್ತೈದು ಅತ್ತೀ.”

ಆಕೆ ಬೆರಳು ಮಡಿಸಲು ಶುರುಮಾಡಿ, ನಿಲ್ಲಿಸಿ, ನನ್ನ ಮುಖ ನೋಡಿದಳು. “ಇವತ್ತಿಂದು ಸೇರ್ಸೋ, ಬಿಟ್ಟೋ?”

ಬಿಟ್ಟು ಎಣಿಸಬೇಕು. ಅಡಿವೆಪ್ಪ ಅಷ್ಟು ಜನರ ಮುಂದೆ ಹೇಳಿದ್ದ, ಇಬ್ಬರೂ ಕೇಳಿದ್ದೆವು.

“ಸೇರ್ಸಿರಿ,” ಎಂದೆ.